ಅಮೆರಿಕದ ಕಾಲೇಜು ಕ್ರೀಡಾಋತು: ಮೊದಲ ವಾರವೇ ಏಕೆ ಹೆಚ್ಚು ಅಪಾಯಕಾರಿ?

ಅಮೆರಿಕದಲ್ಲಿ ಆಗಸ್ಟ್ ತಿಂಗಳು ಬಂತೆಂದರೆ ಕಾಲೇಜು ಮೈದಾನಗಳಿಗೆ ಜೀವ ಬರುತ್ತದೆ. ಬೇಸಿಗೆ ರಜೆ ಮುಗಿಸಿದ ಆಟಗಾರರು ತರಗತಿ ಶುರುವಾಗುವ ಮೊದಲೇ ಹಾಸ್ಟೆಲಿಗೆ ಮರಳಿ ಅಭ್ಯಾಸಕ್ಕೆ ಇಳಿಯುತ್ತಾರೆ. ಅಲ್ಲಿನವರು ಇದನ್ನು ‘ಫಾಲ್ ಸೀಸನ್’ ಎನ್ನುತ್ತಾರೆ, ಅಂದರೆ ಶರತ್ಕಾಲದ ಕ್ರೀಡಾಋತು. ಹೆಸರು ಕೇಳಿದರೆ ತಂಪು ಗಾಳಿ, ಉದುರುವ ಎಲೆಗಳು ಕಣ್ಣಮುಂದೆ ಬರುತ್ತವೆ. ಆದರೆ ಈ ಋತುವಿನ ಅಭ್ಯಾಸ ಶುರುವಾಗುವುದು ವರ್ಷದ ಅತ್ಯಂತ ಸೆಕೆಯ ವಾರಗಳಲ್ಲಿ.

ಇಪ್ಪತ್ತರ ಆಸುಪಾಸಿನ, ವರ್ಷಗಟ್ಟಲೆ ತರಬೇತಿ ಪಡೆದ, ಗಟ್ಟಿಮುಟ್ಟಾದ ಹುಡುಗ ಹುಡುಗಿಯರಿಗೆ ಸೆಕೆ ಏನು ಮಾಡೀತು ಎಂದು ಅನ್ನಿಸುವುದು ಸಹಜ. ನೀರು ಕುಡಿಯುತ್ತಿದ್ದರೆ ಸಾಕು ಎನ್ನುವವರೂ ಇದ್ದಾರೆ. ಈ ಎರಡೂ ನಂಬಿಕೆಗಳು ಪೂರ್ತಿ ನಿಜವಲ್ಲ. ಕ್ರೀಡಾಪಟುಗಳಲ್ಲಿ ಕಂಡುಬರುವ ಹೀಟ್ ಸ್ಟ್ರೋಕ್ ಪ್ರಕರಣಗಳು ಋತುವಿನ ಮೊದಲ ಒಂದೆರಡು ವಾರಗಳಲ್ಲೇ ಹೆಚ್ಚು. ಸಮಾಧಾನದ ವಿಷಯವೆಂದರೆ ಸರಿಯಾದ ಚಿಕಿತ್ಸೆ ತಕ್ಷಣ ಸಿಕ್ಕರೆ ಇದರಿಂದ ಬಹುತೇಕ ಯಾರೂ ಸಾಯಬೇಕಾಗಿಲ್ಲ. ಮೊದಲ ವಾರದಲ್ಲಿ ಅಂಥದ್ದೇನಿದೆ, ನಮ್ಮ ತಪ್ಪು ತಿಳಿವಳಿಕೆಗಳು ಯಾವುವು, ಯಾರಾದರೂ ಕುಸಿದುಬಿದ್ದರೆ ಏನು ಮಾಡಬೇಕು ಎಂಬುದನ್ನು ನೋಡೋಣ.

ಶರತ್ಕಾಲದ ಋತು ಬೇಸಿಗೆಯಲ್ಲೇಕೆ ಶುರು?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಗಳಲ್ಲಿ ದೊಡ್ಡದು ಎನ್‌ಸಿಎಎ. 1906ರಲ್ಲಿ ಹುಟ್ಟಿದ ಈ ಸಂಸ್ಥೆಯಡಿ ಇಂದು ಸಾವಿರಕ್ಕೂ ಹೆಚ್ಚು ಕಾಲೇಜು, ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆಡುತ್ತಾರೆ. ಫಾಲ್ ಸೀಸನ್ನಿನಲ್ಲಿ ಅಮೆರಿಕನ್ ಫುಟ್‌ಬಾಲ್, ಸಾಕರ್, ಮಹಿಳೆಯರ ವಾಲಿಬಾಲ್, ಫೀಲ್ಡ್ ಹಾಕಿ, ಗುಡ್ಡ-ಬಯಲುಗಳಲ್ಲಿ ಓಡುವ ಕ್ರಾಸ್ ಕಂಟ್ರಿ ಮುಂತಾದ ಆಟಗಳು ನಡೆಯುತ್ತವೆ.

ಪಂದ್ಯಗಳು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್ ಮೊದಲಿಗೆ ಆರಂಭವಾಗುವುದರಿಂದ ಅದಕ್ಕೆ ಮೊದಲು ಕೆಲವು ವಾರಗಳ ತಯಾರಿ ಶಿಬಿರ ಇರಲೇಬೇಕು. ಹೀಗಾಗಿ ಅಭ್ಯಾಸ ಜುಲೈ ಕೊನೆಗೋ ಆಗಸ್ಟ್ ಆರಂಭಕ್ಕೋ ಬಂದು ಬೀಳುತ್ತದೆ. ಟೆಕ್ಸಾಸ್, ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಅದು ಬೆಂಕಿಯಂಥ ಸಮಯ. ಸಾಲದ್ದಕ್ಕೆ ತಂಡದಲ್ಲಿ ಸ್ಥಾನ ಗಿಟ್ಟಿಸುವ ಪೈಪೋಟಿಯೂ ಇದೇ ವಾರಗಳಲ್ಲಿ ನಡೆಯುತ್ತದೆ. ರಜೆಯಲ್ಲಿ ಮೈ ಸಡಿಲ ಬಿಟ್ಟಿರಲಿ, ಬಿಡದಿರಲಿ, ಮೊದಲ ದಿನವೇ ಕೋಚ್ ಕಣ್ಣಿಗೆ ಬೀಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅಂದರೆ ದೇಹ ಇನ್ನೂ ಸಿದ್ಧವಾಗಿರದ ಹೊತ್ತಿನಲ್ಲೇ ಹೊರಗಿನ ಬಿಸಿ ಮತ್ತು ಒಳಗಿನ ಶ್ರಮ ಎರಡೂ ಗರಿಷ್ಠ ಮಟ್ಟದಲ್ಲಿರುತ್ತವೆ.

27 ಡಿಗ್ರಿಯ ದಿನ ಆದ ಸಾವು

ಹೀಟ್ ಸ್ಟ್ರೋಕ್ ಆಗಲು 45 ಡಿಗ್ರಿ ಬಿಸಿಲು ಬೇಕೆಂದು ನೀವು ಅಂದುಕೊಂಡಿದ್ದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್ ಪ್ರಕರಣವನ್ನು ಗಮನಿಸಿ.

2018ರ ಮೇ 29. ಫುಟ್‌ಬಾಲ್ ತಂಡದ ಆಟಗಾರರು ಕೆಲವು ವಾರಗಳ ಬಿಡುವಿನ ನಂತರ ಮತ್ತೆ ಒಟ್ಟಾಗಿ ಕಸರತ್ತಿಗೆ ಬಂದಿದ್ದರು. ಅಂದಿನ ತಾಪಮಾನ ಸುಮಾರು 27 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನಲ್ಲಾದರೆ ‘ಹವೆ ಹಿತವಾಗಿದೆ’ ಎನ್ನುವಂಥ ದಿನ. 110 ಗಜಗಳ ಓಟವನ್ನು ಮತ್ತೆ ಮತ್ತೆ ಓಡುವ ಪರೀಕ್ಷೆ ನಡೆಯುತ್ತಿತ್ತು. 19 ವರ್ಷದ, ಭಾರಿ ಮೈಕಟ್ಟಿನ ಮೆಕ್‌ನೇರ್ ಕೊನೆಯ ಸುತ್ತುಗಳಲ್ಲಿ ಕುಗ್ಗತೊಡಗಿದರು. ಆಸ್ಪತ್ರೆ ತಲುಪಿದಾಗ ಅವರ ದೇಹದ ತಾಪಮಾನ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿತ್ತು. ಯಕೃತ್ತಿನ ಕಸಿಯನ್ನೂ ಮಾಡಲಾಯಿತು. ಜೂನ್ 13ರಂದು ಅವರು ತೀರಿಕೊಂಡರು.

ನಂತರ ಬಂದ ಸ್ವತಂತ್ರ ತನಿಖಾ ವರದಿಯಲ್ಲಿ ಎರಡು ಮುಖ್ಯ ಅಂಶಗಳಿದ್ದವು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ತುರ್ತು ಸೇವೆಗೆ ಕರೆ ಮಾಡಲು ಒಂದು ಗಂಟೆಗೂ ಹೆಚ್ಚು, ಆಂಬುಲೆನ್ಸ್ ಅಲ್ಲಿಂದ ಹೊರಡಲು ಒಂದೂವರೆ ಗಂಟೆಗೂ ಹೆಚ್ಚು ಸಮಯ ಹಿಡಿದಿತ್ತು. ಅಷ್ಟು ಹೊತ್ತಿನಲ್ಲಿ ಅವರನ್ನು ತಣ್ಣೀರಿನಲ್ಲಿ ಮುಳುಗಿಸುವ ಚಿಕಿತ್ಸೆ ನಡೆದಿರಲಿಲ್ಲ. ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷರು ಸಂಸ್ಥೆಯ ಪರವಾಗಿ ಕಾನೂನಾತ್ಮಕ ಮತ್ತು ನೈತಿಕ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆ ವರ್ಷ ಅಕ್ಟೋಬರ್ ಕೊನೆಗೆ ಮುಖ್ಯ ಕೋಚ್ ಕೆಲಸ ಕಳೆದುಕೊಂಡರು. ಮೆಕ್‌ನೇರ್ ಕುಟುಂಬಕ್ಕೆ 35 ಲಕ್ಷ ಡಾಲರ್ ಪರಿಹಾರ ಕೊಡಲು 2021ರಲ್ಲಿ ಒಪ್ಪಿಗೆಯಾಯಿತು.

ಬಿಡುವಿನ ನಂತರದ ಮೊದಲ ದಿನ, ದೊಡ್ಡ ದೇಹ, ನಿಲ್ಲಿಸದೆ ಓಡಿಸುವ ಕಸರತ್ತು, ತಡವಾದ ತಣಿಸುವಿಕೆ. ಅಮೆರಿಕದ ಕಾಲೇಜು ಮೈದಾನಗಳಲ್ಲಿ ನಡೆದ ಇಂಥ ಸಾವುಗಳಲ್ಲಿ ಈ ಅಂಶಗಳು ಪದೇ ಪದೇ ಕಾಣುತ್ತವೆ. ಪಂದ್ಯದ ದಿನ ಇಂಥದ್ದು ಆಗುವುದು ಅಪರೂಪ. ಆಗುವುದು ಅಭ್ಯಾಸದಲ್ಲಿ.

ದೇಹದೊಳಗೆ ಏನಾಗುತ್ತದೆ?

ನಾವು ತಿಂದ ಆಹಾರದ ಶಕ್ತಿಯಲ್ಲಿ ಸುಮಾರು 20ರಿಂದ 25 ಶೇಕಡಾ ಮಾತ್ರ ಸ್ನಾಯುಗಳ ಚಲನೆಗೆ ಬಳಕೆಯಾಗುತ್ತದೆ. ಉಳಿದದ್ದು ಶಾಖವಾಗುತ್ತದೆ. ಸುಮ್ಮನೆ ಕುಳಿತಾಗ ಇದು ಗೊತ್ತೇ ಆಗುವುದಿಲ್ಲ. ಜೋರಾಗಿ ಓಡುವಾಗ ಶಾಖದ ಉತ್ಪತ್ತಿ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಅದು ಹೊರಹೋಗಲು ದಾರಿಯೇ ಇಲ್ಲದಿದ್ದರೆ ಕೆಲವೇ ನಿಮಿಷಗಳಿಗೆ ಒಂದು ಡಿಗ್ರಿಯಂತೆ ಮೈ ಬಿಸಿಯಾಗುತ್ತಾ ಹೋಗುತ್ತದೆ.

ಶಾಖವನ್ನು ಹೊರಹಾಕಲು ದೇಹ ಎರಡು ಕೆಲಸ ಮಾಡುತ್ತದೆ. ಬಿಸಿ ರಕ್ತವನ್ನು ಚರ್ಮದತ್ತ ಹರಿಸುತ್ತದೆ, ಚರ್ಮದ ಮೇಲೆ ಬೆವರನ್ನು ಹರಡುತ್ತದೆ. ಬೆವರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಇಲ್ಲಿ ಮುಖ್ಯವಾದ ಮಾತು ‘ಆವಿಯಾದರೆ’ ಎಂಬುದು. ಬೆವರು ಹನಿಯಾಗಿ ನೆಲಕ್ಕೆ ಬಿದ್ದರೆ ಮೈ ತಣ್ಣಗಾಗುವುದಿಲ್ಲ. ಮಳೆಗಾಲದ ಮಂಗಳೂರಿನಲ್ಲಿ ಹಗ್ಗದ ಮೇಲೆ ಹರವಿದ ಬಟ್ಟೆ ಸಂಜೆಯಾದರೂ ಒಣಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೈಮೇಲಿನ ಬೆವರಿನ ಕಥೆಯೂ ಅಷ್ಟೆ.

ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ಇನ್ನೊಂದು ತೊಡಕಿದೆ. ಹೆಲ್ಮೆಟ್, ಭುಜದ ಕವಚ, ದಪ್ಪ ಬಟ್ಟೆಗಳು ಚರ್ಮದ ಬಹುಭಾಗವನ್ನು ಮುಚ್ಚಿಬಿಡುತ್ತವೆ. ‘ಲೈನ್‌ಮನ್’ ಸ್ಥಾನದಲ್ಲಿ ಆಡುವವರದು ಭಾರಿ ದೇಹ. ತೂಕ ಹೆಚ್ಚಿದಷ್ಟು ಪ್ರಮಾಣದಲ್ಲಿ ಚರ್ಮದ ವಿಸ್ತಾರ ಹೆಚ್ಚುವುದಿಲ್ಲ. ಹಾಗಾಗಿ ಶಾಖ ಹುಟ್ಟುವುದು ಹೆಚ್ಚು, ಹೊರಹೋಗುವ ದಾರಿ ಕಡಿಮೆ. ಫುಟ್‌ಬಾಲ್‌ನ ಹೀಟ್ ಸ್ಟ್ರೋಕ್ ಸಾವುಗಳಲ್ಲಿ ಲೈನ್‌ಮನ್‌ಗಳೇ ಹೆಚ್ಚಿರುವುದಕ್ಕೆ ಇದು ಒಂದು ಕಾರಣ.

ಇತ್ತ ಹೃದಯದ ಮೇಲೂ ಹೊರೆ ಬೀಳುತ್ತದೆ. ದುಡಿಯುವ ಸ್ನಾಯುಗಳಿಗೂ ರಕ್ತ ಬೇಕು, ಚರ್ಮಕ್ಕೂ ಬೇಕು. ಬೆವರಿನಿಂದ ರಕ್ತದ ನೀರಿನಂಶ ಇಳಿಯುತ್ತಿರುತ್ತದೆ. ಕೊನೆಗೆ ದೇಹದ ಒಳ ತಾಪಮಾನ 40 ಡಿಗ್ರಿ ದಾಟಿ ಮೆದುಳಿನ ಕೆಲಸ ಏರುಪೇರಾದರೆ ಅದನ್ನು ಹೀಟ್ ಸ್ಟ್ರೋಕ್ ಎನ್ನುತ್ತಾರೆ. ಆಗ ಯಕೃತ್ತು, ಮೂತ್ರಪಿಂಡ, ಸ್ನಾಯುಗಳ ಜೀವಕೋಶಗಳು ಹಾಳಾಗತೊಡಗುತ್ತವೆ. ತಾಪಮಾನ ಎಷ್ಟು ಏರಿತ್ತು ಎಂಬುದಕ್ಕಿಂತ ಎಷ್ಟು ಹೊತ್ತು ಏರಿಯೇ ಇತ್ತು ಎಂಬುದು ಜೀವ ಉಳಿಯುವುದನ್ನು ನಿರ್ಧರಿಸುತ್ತದೆ.

ಒಗ್ಗಿಕೊಳ್ಳಲು ದೇಹಕ್ಕೆ ಬೇಕು ಎರಡು ವಾರ

ಬಿಸಿಯಲ್ಲಿ ದಿನವೂ ಸ್ವಲ್ಪ ಸ್ವಲ್ಪವೇ ಶ್ರಮಪಟ್ಟರೆ ದೇಹ ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ. ಮೊದಲ ಮೂರರಿಂದ ಐದು ದಿನಗಳಲ್ಲಿ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ ಹೆಚ್ಚುತ್ತದೆ. ಅದೇ ಕೆಲಸಕ್ಕೆ ಹೃದಯದ ಬಡಿತ ಮೊದಲಿಗಿಂತ ಕಡಿಮೆ ಸಾಕಾಗುತ್ತದೆ. ನಂತರದ ದಿನಗಳಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಕಡಿಮೆಯಾಗುತ್ತದೆ, ದೇಹ ಉಪ್ಪನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಈ ಬದಲಾವಣೆಗಳೆಲ್ಲ ಪೂರ್ತಿಯಾಗಲು ಸುಮಾರು 7ರಿಂದ 14 ದಿನ ಬೇಕು.

ಮೊದಲ ದಿನ ಮೈದಾನಕ್ಕಿಳಿದ ಆಟಗಾರನಿಗೆ ಇದ್ಯಾವುದೂ ಇರುವುದಿಲ್ಲ. ಆತ ಎಷ್ಟೇ ಬಲಶಾಲಿಯಾಗಿದ್ದರೂ ರಜೆಯನ್ನು ಎಸಿ ಜಿಮ್‌ನಲ್ಲಿ ಕಳೆದಿದ್ದರೆ ಶಾಖದ ಮಟ್ಟಿಗೆ ಹೊಸಬನೇ. ಫಿಟ್ನೆಸ್ ಸಹಾಯ ಮಾಡುತ್ತದೆ ನಿಜ, ಆದರೆ ಶಾಖಕ್ಕೆ ಒಗ್ಗುವುದು ಬೇರೆಯೇ ಸಂಗತಿ. ಕೆಲವೊಮ್ಮೆ ಫಿಟ್ ಆಗಿರುವವರಿಗೇ ಅಪಾಯ ಹೆಚ್ಚು, ಏಕೆಂದರೆ ಅವರು ದೇಹದ ಎಚ್ಚರಿಕೆಯನ್ನು ಮೀರಿ ಹೆಚ್ಚು ಹೊತ್ತು ಓಡಬಲ್ಲರು.

ಇದನ್ನು ಅರಿತು ಎನ್‌ಸಿಎಎ 2003ರಲ್ಲಿ ಫುಟ್‌ಬಾಲ್‌ಗೆ ಒಂದು ನಿಯಮ ತಂದಿತು. ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ. ಮೊದಲೆರಡು ದಿನ ಹೆಲ್ಮೆಟ್ ಮಾತ್ರ, ಮುಂದಿನ ಎರಡು ದಿನ ಹೆಲ್ಮೆಟ್ ಮತ್ತು ಭುಜದ ಕವಚ, ಐದನೆಯ ದಿನ ಪೂರ್ತಿ ಕವಚ. 2021ರಲ್ಲಿ ಈ ಒಗ್ಗುವ ಅವಧಿಯನ್ನು ಏಳು ದಿನಕ್ಕೆ ಏರಿಸಲಾಯಿತು. ಹೈಸ್ಕೂಲುಗಳಲ್ಲೂ ಹಲವು ರಾಜ್ಯಗಳು ಇಂಥ ನಿಯಮ ಮಾಡಿವೆ. ಕಡ್ಡಾಯ ನಿಯಮವಿದ್ದ ರಾಜ್ಯಗಳಲ್ಲಿ ಋತುಪೂರ್ವ ಅಭ್ಯಾಸದ ಶಾಖಸಂಬಂಧಿ ಪ್ರಕರಣಗಳು ಸುಮಾರು ಅರ್ಧದಷ್ಟು ಕಡಿಮೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಯಾವ ದುಬಾರಿ ಯಂತ್ರವೂ ಇಲ್ಲದೆ, ಕೇವಲ ವೇಳಾಪಟ್ಟಿಯನ್ನು ನಿಧಾನಗೊಳಿಸಿದ್ದರಿಂದ ಬಂದ ಫಲ ಇದು.

ನಂಬಿಕೆ 1: ನೀರು ಕೊಡದಿದ್ದರೆ ಆಟಗಾರರು ಗಟ್ಟಿಯಾಗುತ್ತಾರೆ

ಒಂದು ಕಾಲದಲ್ಲಿ ಇದು ಅಮೆರಿಕದ ಕೋಚ್‌ಗಳ ಗಟ್ಟಿ ನಂಬಿಕೆಯಾಗಿತ್ತು. 1954ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡದ ಕೋಚ್ ಬೇರ್ ಬ್ರಯಂಟ್ ತಮ್ಮ ಆಟಗಾರರನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು ಹತ್ತು ದಿನ ಕಠಿಣ ಶಿಬಿರ ನಡೆಸಿದರು. ಬರಗಾಲದ ಬಿಸಿಲಿನಲ್ಲೂ ಅಭ್ಯಾಸದ ನಡುವೆ ನೀರಿಗೆ ಬಿಡುವಿರಲಿಲ್ಲ. ಹಲವರು ಶಿಬಿರ ಬಿಟ್ಟು ಓಡಿದರು, ಒಬ್ಬ ಆಟಗಾರ ಹೀಟ್ ಸ್ಟ್ರೋಕ್‌ನಿಂದ ಸಾವಿನಂಚಿಗೆ ಹೋಗಿ ಬಂದ. ಅದನ್ನು ಅನೇಕ ವರ್ಷ ಛಲದ ಕಥೆಯಾಗಿ ಹೇಳಲಾಯಿತು.

ಬಾಯಾರಿಕೆ ತಡೆದರೆ ದೇಹ ನೀರಿಲ್ಲದೆ ಬದುಕಲು ಕಲಿಯುವುದಿಲ್ಲ. ರಕ್ತದ ಪ್ರಮಾಣ ಇಳಿದು, ಬೆವರು ಕಡಿಮೆಯಾಗಿ, ಮೈ ಇನ್ನಷ್ಟು ಬೇಗ ಬಿಸಿಯಾಗುತ್ತದೆ. ಶಾಖಕ್ಕೆ ಒಗ್ಗಿದವರು ಹೆಚ್ಚು ಬೆವರುವುದರಿಂದ ಅವರಿಗೆ ನೀರು ಹೆಚ್ಚೇ ಬೇಕು. ನಮ್ಮಲ್ಲೂ ‘ಓಡುವಾಗ ನೀರು ಕುಡಿಯಬಾರದು’ ಎಂದು ಗದರುವ ತರಬೇತುದಾರರು ಇದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ನಂಬಿಕೆ 2: ನೀರು, ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಹೀಟ್ ಸ್ಟ್ರೋಕ್ ಬರುವುದಿಲ್ಲ

ಇದು ಮೊದಲಿನ ನಂಬಿಕೆಯ ತದ್ವಿರುದ್ಧ ತುದಿ. ಸ್ಪೋರ್ಟ್ಸ್ ಡ್ರಿಂಕ್‌ಗಳ ಕಥೆಯೂ ಕಾಲೇಜು ಫುಟ್‌ಬಾಲ್‌ನಿಂದಲೇ ಶುರುವಾಗುತ್ತದೆ. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ‘ಗೇಟರ್ಸ್’ ತಂಡದ ಸಹಾಯಕ ಕೋಚ್ ಒಬ್ಬರು, ಪಂದ್ಯದ ವೇಳೆ ಆಟಗಾರರಿಗೆ ಮೂತ್ರವೇ ಬರುವುದಿಲ್ಲವೇಕೆ ಎಂದು ಮೂತ್ರಪಿಂಡ ತಜ್ಞ ಡಾ. ರಾಬರ್ಟ್ ಕೇಡ್ ಅವರ ತಂಡವನ್ನು ಕೇಳಿದರು. ನೀರೆಲ್ಲ ಬೆವರಾಗಿ ಹೋಗುತ್ತಿತ್ತು. ನೀರಿಗೆ ಉಪ್ಪು, ಸಕ್ಕರೆ, ನಿಂಬೆರಸ ಬೆರೆಸಿ ಅವರು ಸಿದ್ಧಪಡಿಸಿದ ಪಾನೀಯವೇ ಗೇಟರೇಡ್. ಬಿಸಿಲಲ್ಲಿ ದಣಿದು ಬಂದವರಿಗೆ ನಮ್ಮ ಮನೆಗಳಲ್ಲಿ ಕೊಡುವ ಉಪ್ಪು ಹಾಕಿದ ನಿಂಬೆ ಪಾನಕದ ಹತ್ತಿರದ ನೆಂಟ ಅದು.

ಇಂಥ ಪಾನೀಯ ದಣಿವನ್ನು ನೀಗಿಸುತ್ತದೆ, ಕಳೆದ ನೀರು-ಉಪ್ಪನ್ನು ತುಂಬಿಕೊಡುತ್ತದೆ. ಆದರೆ ಸ್ನಾಯುಗಳು ಶಾಖ ಹುಟ್ಟಿಸುವ ವೇಗ ಅದು ಹೊರಹೋಗುವ ವೇಗಕ್ಕಿಂತ ಹೆಚ್ಚಿದ್ದರೆ, ಚೆನ್ನಾಗಿ ನೀರು ಕುಡಿದ ಆಟಗಾರನಿಗೂ ಅರ್ಧ ಗಂಟೆಯೊಳಗೆ ಹೀಟ್ ಸ್ಟ್ರೋಕ್ ಆಗಬಹುದು. ಅತಿಯಾಗಿ ನೀರು ಕುಡಿಯುವುದಂತೂ ಇನ್ನೊಂದು ಅಪಾಯ. ರಕ್ತದ ಸೋಡಿಯಂ ಮಟ್ಟ ಕುಸಿದು ಮೆದುಳು ಊದಿಕೊಳ್ಳುತ್ತದೆ. ಇದರಿಂದ ಆಟಗಾರರು ಸತ್ತದ್ದೂ ಇದೆ. ಬಾಯಾರಿದಾಗಲೆಲ್ಲ ಕುಡಿಯಿರಿ, ಗಂಟೆಗಟ್ಟಲೆ ಬೆವರಿದ್ದರೆ ಉಪ್ಪಿನಂಶವೂ ಇರಲಿ. ಕುಡಿಯುವುದು ವಿಶ್ರಾಂತಿಗೆ ಬದಲಿ ಅಲ್ಲ.

ನಂಬಿಕೆ 3: ಬೆವರು ಬರುತ್ತಿದ್ದರೆ ಹೀಟ್ ಸ್ಟ್ರೋಕ್ ಅಲ್ಲ

‘ಮೈ ಬಿಸಿ, ಚರ್ಮ ಒಣ, ಬೆವರಿಲ್ಲ’ ಎಂಬ ಲಕ್ಷಣಗಳನ್ನು ನೀವು ಓದಿರಬಹುದು. ಬೇಸಿಗೆಯಲ್ಲಿ ಬಿಸಿಗಾಳಿಗೆ ಸಿಕ್ಕಿ ನರಳುವ ಹಿರಿಯರಲ್ಲಿ ಅದು ಸಾಮಾನ್ಯ. ಆದರೆ ಕಸರತ್ತಿನ ವೇಳೆ ಕುಸಿಯುವ ಯುವಕರು ಹೆಚ್ಚಾಗಿ ಬೆವರಿನಲ್ಲಿ ತೊಯ್ದೇ ಇರುತ್ತಾರೆ. ಬೆವರು ಇದೆ ಎಂದು ಸುಮ್ಮನಾದರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಗಮನಿಸಬೇಕಾದದ್ದು ನಡವಳಿಕೆ. ತೊದಲು ಮಾತು, ತಡವರಿಸುವ ಹೆಜ್ಜೆ, ಕಾರಣವಿಲ್ಲದ ಸಿಟ್ಟು, ಎಲ್ಲಿದ್ದೇನೆಂದು ತಿಳಿಯದ ಗೊಂದಲ, ವಾಂತಿ, ಫಿಟ್ಸ್, ಎಚ್ಚರ ತಪ್ಪುವುದು. ಕೆಲವರು ಮಧ್ಯೆ ಸ್ವಲ್ಪ ಹೊತ್ತು ಸರಿಯಾಗಿ ಮಾತನಾಡಿ ಮತ್ತೆ ಕುಸಿಯುತ್ತಾರೆ. ಹಣೆ, ಕಂಕುಳು, ಬಾಯಿಯಲ್ಲಿ ಇಟ್ಟ ಥರ್ಮಾಮೀಟರ್ ಈ ಸಂದರ್ಭದಲ್ಲಿ ನಂಬಿಕೆಗೆ ಅರ್ಹವಲ್ಲ. ಬೆವರು, ಗಾಳಿ, ಏದುಸಿರಿನಿಂದ ಅದು ಕಡಿಮೆ ತೋರಿಸಬಹುದು. ಅದಕ್ಕೇ ಕ್ರೀಡಾ ವೈದ್ಯರು ಗುದದ್ವಾರದ ಥರ್ಮಾಮೀಟರನ್ನೇ ಬಳಸುತ್ತಾರೆ. ಅದು ಇಲ್ಲವೆಂದು ಚಿಕಿತ್ಸೆಯನ್ನು ತಡಮಾಡಬಾರದು.

ನಂಬಿಕೆ 4: ಮೊಬೈಲಿನಲ್ಲಿ ತಾಪಮಾನ ನೋಡಿದರೆ ಸಾಕು

ಮೊಬೈಲ್ ತೋರಿಸುವುದು ನೆರಳಿನಲ್ಲಿರುವ ಗಾಳಿಯ ತಾಪಮಾನವನ್ನು. ಮೈದಾನದ ನಿಜವಾದ ಹೊರೆಯನ್ನು ಅಳೆಯಲು ‘ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್’ ಎಂಬ ಅಳತೆ ಇದೆ. 1950ರ ದಶಕದಲ್ಲಿ ಅಮೆರಿಕದ ಮೆರೀನ್ ಸೈನಿಕ ತರಬೇತಿ ಕೇಂದ್ರಗಳಲ್ಲಿ ಹೊಸಬರು ಸೆಕೆಗೆ ಕುಸಿಯುವುದನ್ನು ತಡೆಯಲು ಇದನ್ನು ರೂಪಿಸಿದರು. ಇದರಲ್ಲಿ 70 ಶೇಕಡಾ ತೂಕ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ, 20 ಶೇಕಡಾ ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ, ಕೇವಲ 10 ಶೇಕಡಾ ಗಾಳಿಯ ತಾಪಮಾನಕ್ಕೆ. ಅಂದರೆ ತೇವಾಂಶಕ್ಕೇ ಸಿಂಹಪಾಲು. ಜಾರ್ಜಿಯಾ ರಾಜ್ಯದ ಹೈಸ್ಕೂಲು ಕ್ರೀಡಾ ಸಂಘವು 2012ರಿಂದ ಈ ಅಳತೆಯನ್ನೇ ಬಳಸುತ್ತಿದ್ದು, ಅದು 92 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೊರಾಂಗಣ ಅಭ್ಯಾಸ ಬಂದ್.

ನಂಬಿಕೆ 5: ನಾವು ಬಿಸಿಲೂರಿನವರು, ನಮಗೇನೂ ಆಗುವುದಿಲ್ಲ

ಶಾಖಕ್ಕೆ ಒಗ್ಗುವುದು ಶಾಶ್ವತವಲ್ಲ. ಬಿಸಿಯ ಸಂಪರ್ಕ ತಪ್ಪಿದರೆ ಎರಡರಿಂದ ನಾಲ್ಕು ವಾರಗಳಲ್ಲಿ ಅದರ ಬಹುಭಾಗ ಕರಗಿಹೋಗುತ್ತದೆ. ರಾಯಚೂರಿನಲ್ಲಿ ಬೆಳೆದವರಾದರೂ ಒಂದು ತಿಂಗಳು ಎಸಿ ಕೋಣೆಯಲ್ಲಿದ್ದರೆ ಹೊಸದಾಗಿ ಒಗ್ಗಿಕೊಳ್ಳಬೇಕು. ಜ್ವರ, ಭೇದಿ, ನಿದ್ದೆಗೇಡು ಇದ್ದರೂ ಸಹಿಷ್ಣುತೆ ಇಳಿಯುತ್ತದೆ.

ಆಗಸ್ಟ್‌ನಲ್ಲಿ ಓದಲು ಅಮೆರಿಕಕ್ಕೆ ಹೋಗುವ ಕನ್ನಡದ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ಮಳೆಗಾಲದ ತಂಪು ಬೆಂಗಳೂರಿನಿಂದ ಹೊರಟು ಅರಿಜೋನಾದ 40 ಡಿಗ್ರಿಯಲ್ಲಿ ಇಳಿದ ವಾರವೇ ಕ್ಯಾಂಪಸ್ಸಿನ ಕ್ರಿಕೆಟ್‌ಗೋ ಓಟಕ್ಕೋ ಇಳಿಯುವವರಿದ್ದಾರೆ. ‘ಇಂಡಿಯಾದ ಸೆಕೆ ನೋಡಿದವರು ನಾವು’ ಎಂಬ ಧೈರ್ಯವನ್ನು ದೇಹ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಂಬಿಕೆ 6: ಐಸ್ ನೀರು ಹಾಕಿದರೆ ಅಪಾಯ, ಮೊದಲು ಆಸ್ಪತ್ರೆಗೆ ಓಡಬೇಕು

ಜೀವ ತೆಗೆಯುವ ನಂಬಿಕೆ ಎಂದರೆ ಇದೇ. ತಣ್ಣೀರು ತಾಗಿದರೆ ಚರ್ಮದ ರಕ್ತನಾಳಗಳು ಮುಚ್ಚಿಕೊಂಡು, ನಡುಕ ಹುಟ್ಟಿ, ಮೈ ಇನ್ನಷ್ಟು ಬಿಸಿಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ವಾಸ್ತವದಲ್ಲಿ ಐಸ್ ನೀರಿನಲ್ಲಿ ಮುಳುಗಿಸಿದಾಗ ದೇಹ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಸೆಲ್ಸಿಯಸ್‌ನಂತೆ ತಣ್ಣಗಾಗುತ್ತದೆ. ಮೈದಾನದಲ್ಲಿ ಮಾಡಬಹುದಾದ ಇನ್ನಾವ ವಿಧಾನವೂ ಇಷ್ಟು ವೇಗವಾಗಿ ತಣಿಸುವುದಿಲ್ಲ.

ಮ್ಯಾಸಚೂಸೆಟ್ಸ್‌ನ ಫಾಲ್‌ಮತ್ ಊರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ 7 ಮೈಲಿಯ ಓಟ ನಡೆಯುತ್ತದೆ. ಅಲ್ಲಿ 18 ವರ್ಷಗಳಲ್ಲಿ 274 ಮಂದಿಗೆ ಹೀಟ್ ಸ್ಟ್ರೋಕ್ ಆಗಿತ್ತು. ಅಂತಿಮ ಗೆರೆಯ ಬಳಿಯ ವೈದ್ಯಕೀಯ ಡೇರೆಯಲ್ಲೇ ಐಸ್ ನೀರಿನ ತೊಟ್ಟಿಗಳನ್ನು ಸಿದ್ಧವಾಗಿಟ್ಟು ತಕ್ಷಣ ಮುಳುಗಿಸಲಾಯಿತು. 274 ಮಂದಿಯೂ ಬದುಕಿದರು.

ಅದಕ್ಕೇ ಕ್ರೀಡಾ ವೈದ್ಯಕೀಯದ ಸೂತ್ರ: ‘ಮೊದಲು ತಣಿಸಿ, ಆಮೇಲೆ ಸಾಗಿಸಿ.’ ಕುಸಿದ ಅರ್ಧ ಗಂಟೆಯೊಳಗೆ ಒಳ ತಾಪಮಾನವನ್ನು ಸುಮಾರು 39 ಡಿಗ್ರಿಗೆ ಇಳಿಸುವುದು ಗುರಿ. ಪ್ಯಾರಾಸಿಟಮಾಲ್ ಕೊಡುವುದರಿಂದ ಪ್ರಯೋಜನವಿಲ್ಲ. ಜ್ವರದಲ್ಲಿ ಮೆದುಳೇ ತಾಪಮಾನದ ಗುರಿಯನ್ನು ಏರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಗುರಿ ಬದಲಾಗಿರುವುದೇ ಇಲ್ಲ, ಶಾಖ ಹೊರಹೋಗುತ್ತಿಲ್ಲ ಅಷ್ಟೆ.

ಕಣ್ಣೆದುರೇ ಯಾರಾದರೂ ಕುಸಿದರೆ

* ಕೂಡಲೇ ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಿ. ಕರ್ನಾಟಕದಲ್ಲಿ 108, ಅಮೆರಿಕದಲ್ಲಿ 911. ಉಳಿದವರು ಅದು ಬರುವವರೆಗೆ ಕಾಯದೆ ತಣಿಸಲು ಶುರುಮಾಡಿ.
* ನೆರಳಿಗೆ ತನ್ನಿ. ಹೆಲ್ಮೆಟ್, ಬೂಟು, ಹೆಚ್ಚಿನ ಬಟ್ಟೆ ತೆಗೆಯಿರಿ.
* ದೊಡ್ಡ ಟಬ್ ಇದ್ದರೆ ಐಸ್ ಬೆರೆಸಿದ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ. ಕಂಕುಳ ಕೆಳಗೆ ಟವಲ್ ಹಾಯಿಸಿ ಒಬ್ಬರು ಹಿಡಿದಿರಲಿ, ತಲೆ ಮುಳುಗಬಾರದು. ನೀರನ್ನು ಕಲಕುತ್ತಿರಿ.
* ಟಬ್ ಇಲ್ಲವೇ? ಟಾರ್ಪಾಲಿನ್ ಮೇಲೆ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು ನೀರು-ಐಸ್ ಸುರಿಯಿರಿ. ಅದೂ ಇಲ್ಲದಿದ್ದರೆ ಕೊಳಾಯಿ ಪೈಪಿನಿಂದ ಮೈತುಂಬ ತಣ್ಣೀರು ಹರಿಸಿ, ಒದ್ದೆ ಬಟ್ಟೆ ಹೊದಿಸಿ ಮತ್ತೆ ಮತ್ತೆ ಬದಲಿಸಿ, ಗಾಳಿ ಬೀಸಿ.
* ಗೊಂದಲದಲ್ಲಿರುವ ಅಥವಾ ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ನಿಲ್ಲಿಸುವವರು ಯಾರು?

ಇಷ್ಟೆಲ್ಲ ತಿಳಿದಿದ್ದೂ ಸಾವುಗಳು ಆಗುವುದೇಕೆ? ಕಾಲೇಜು ಆಟಗಾರನಿಗೆ ತಂಡದ ಸ್ಥಾನ ಎಂದರೆ ಎಷ್ಟೋ ಬಾರಿ ಸ್ಕಾಲರ್‌ಶಿಪ್, ಅಂದರೆ ಓದಿನ ಖರ್ಚು. ‘ನನಗಾಗುತ್ತಿಲ್ಲ’ ಎಂದರೆ ಕೋಚ್ ಕಣ್ಣಿನಲ್ಲಿ ಸಣ್ಣವನಾಗುವ ಭಯ. ಜೊತೆಗೆ, ಹೀಟ್ ಸ್ಟ್ರೋಕ್ ಮೊದಲು ಕೆಡಿಸುವುದು ತೀರ್ಮಾನ ಮಾಡುವ ಮೆದುಳನ್ನೇ. ಹಾಗಾಗಿ ನಿಲ್ಲಿಸುವ ಹೊಣೆಯನ್ನು ಆಟಗಾರನ ಮೇಲೆ ಹೊರಿಸಲು ಆಗುವುದಿಲ್ಲ. 2016ರಲ್ಲಿ ಎನ್‌ಸಿಎಎಯ ಐದು ದೊಡ್ಡ ಒಕ್ಕೂಟಗಳು, ಆಟಗಾರರ ಆರೋಗ್ಯದ ವಿಷಯದಲ್ಲಿ ವೈದ್ಯರು ಮತ್ತು ಅಥ್ಲೆಟಿಕ್ ಟ್ರೈನರ್‌ಗಳ ಮಾತೇ ಅಂತಿಮ, ಕೋಚ್ ಅದನ್ನು ಪ್ರಶ್ನಿಸುವಂತಿಲ್ಲ ಎಂಬ ನಿಯಮ ಮಾಡಿದವು. ಮೇರಿಲ್ಯಾಂಡ್ ಕೂಡ ಅಂಥ ಒಂದು ಒಕ್ಕೂಟದಲ್ಲಿತ್ತು. ನಿಯಮ ಬಂದ ಎರಡೇ ವರ್ಷಕ್ಕೆ ಮೆಕ್‌ನೇರ್ ಕುಸಿದರು. ಕಾಗದದ ಮೇಲಿನ ಅಧಿಕಾರ ಮೈದಾನದಲ್ಲಿ ಬಳಕೆಯಾಗದಿದ್ದರೆ ಪ್ರಯೋಜನವಿಲ್ಲ.

ನಮ್ಮಲ್ಲಿ ಬೇಸಿಗೆ ಶಿಬಿರಕ್ಕೆ ಸೇರುವ ಮಕ್ಕಳು, ಪೊಲೀಸ್ ಅಥವಾ ಸೇನಾ ನೇಮಕಾತಿಯ ಓಟಕ್ಕೆ ತಿಂಗಳ ಕೊನೆಯಲ್ಲಿ ಅವಸರದ ತಯಾರಿ ನಡೆಸುವ ಯುವಕರು, ಅಮೆರಿಕದ ಶಾಲೆ-ಕಾಲೇಜುಗಳಲ್ಲಿ ಸಾಕರ್, ಕ್ರಾಸ್ ಕಂಟ್ರಿ ಆಡುವ ಕನ್ನಡಿಗರ ಮಕ್ಕಳು ಎಲ್ಲರಿಗೂ ಇದೇ ಶರೀರಶಾಸ್ತ್ರ. ಮೊದಲ ಎರಡು ವಾರ ಅವಧಿ ಮತ್ತು ವೇಗ ಎರಡನ್ನೂ ಕಡಿಮೆಯಿಂದ ಆರಂಭಿಸಿ, ದಿನದಿನಕ್ಕೆ ಸ್ವಲ್ಪವೇ ಏರಿಸಿ. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತನ್ನು ಆರಿಸಿಕೊಳ್ಳಿ. ಜ್ವರ, ಭೇದಿ ಇದ್ದ ದಿನ ಓಡಬೇಡಿ. ಓಟವನ್ನು ಶಿಕ್ಷೆಯಾಗಿ ಕೊಡುವ ತರಬೇತುದಾರರಿದ್ದರೆ ಪ್ರಶ್ನಿಸಿ.

ಪೋಷಕರು ಹೊಸ ಋತು ಶುರುವಾಗುವ ಮುನ್ನ ಶಾಲೆಯನ್ನೋ ಶಿಬಿರವನ್ನೋ ಮೂರು ಪ್ರಶ್ನೆ ಕೇಳಿದರೆ ಸಾಕು. ಮೊದಲ ವಾರದ ಅಭ್ಯಾಸ ಹೇಗಿರುತ್ತದೆ? ಮಗು ಕುಸಿದರೆ ಅಭ್ಯಾಸ ನಿಲ್ಲಿಸುವ ಅಧಿಕಾರ ಯಾರಿಗಿದೆ? ಮೈದಾನದಲ್ಲಿ ಐಸ್ ಮತ್ತು ನೀರು ಎಲ್ಲಿಟ್ಟಿದ್ದೀರಿ? ಮೂರನೆಯ ಪ್ರಶ್ನೆಗೆ ಅವರು ಬೆರಳು ಮಾಡಿ ತೋರಿಸುವಂತಿರಬೇಕು.